ಗ್ರೂಪಿನಲ್ಲಿ ರಾಜಕೀಯ ಬೇಡ ಅನ್ನುವ ಮೊದಲು

ಪ್ರಶ್ನೆ: ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ನಾನೇ ಅಡ್ಮಿನ್. 34 ಜನ ಇದ್ದೇವೆ. ಮಕ್ಕಳ ಫೋಟೋ, ಹುಟ್ಟುಹಬ್ಬ, ಯಾರಿಗೆ ಹುಷಾರಿಲ್ಲ ಅನ್ನುವ ಸುದ್ದಿ, ಇಷ್ಟಕ್ಕೇ ಅಂತ ಮಾಡಿದ ಗ್ರೂಪು. ಸ್ಥಳೀಯ ಚುನಾವಣೆ ಬಂದಮೇಲೆ ಎಲ್ಲ ಕೆಟ್ಟಿತು. ಅಪ್ಪ ದಿನಕ್ಕೆ ಹತ್ತು ಹನ್ನೆರಡು ಫಾರ್ವರ್ಡ್ ಹಾಕುತ್ತಾರೆ. ಅದರಲ್ಲಿ ಒಂದಕ್ಕೆ ಚಿಕ್ಕಪ್ಪನ ಮಗ 'ಇದು ಸುಳ್ಳು' ಅಂತ ಲಿಂಕ್ ಹಾಕಿದ. ನಾನು ನೋಡಿದೆ, ಅವನ ಲಿಂಕ್ ಸರಿಯಾಗಿಯೇ ಇತ್ತು. ಅಪ್ಪ 'ಮಗನಿಗೆ ಸ್ವಲ್ಪ ಬುದ್ಧಿ ಹೇಳು' ಅಂತ ಚಿಕ್ಕಪ್ಪನಿಗೆ ಎಲ್ಲರ ಮುಂದೆಯೇ ಬರೆದರು. ಚಿಕ್ಕಪ್ಪ ಗ್ರೂಪ್ ಬಿಟ್ಟರು. ಈಗ 'ಇಲ್ಲಿ ರಾಜಕೀಯ ಬೇಡ' ಅಂತ ನಿಯಮ ಮಾಡಲಾ? ಅಪ್ಪನಿಗೆ ಹೇಗೆ ಹೇಳಲಿ? ಚಿಕ್ಕಪ್ಪನನ್ನು ಮತ್ತೆ ಸೇರಿಸಲಾ?

ಉತ್ತರ: ಕೊನೆಯ ಪ್ರಶ್ನೆಗೆ ಅವಸರ ಇದೆ, ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಚಿಕ್ಕಪ್ಪನನ್ನು ಈಗ ಸೇರಿಸಬೇಡಿ. ಫೋನ್ ಮಾಡಿ. ಏನು ಮಾತಾಡಬೇಕು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನದೇ ಒಂದು ಕಥೆ ಕೇಳಿ, ಯಾಕೆಂದರೆ ನಿಮ್ಮ ಚಿಕ್ಕಪ್ಪನ ಮಗ ಮಾಡಿದ ಕೆಲಸವನ್ನೇ ನಾನೂ ಮಾಡಿದ್ದೇನೆ, ಅದೂ ಅವನಿಗಿಂತ ಕೆಟ್ಟದಾಗಿ.

ಫೋನಿನಲ್ಲಿ ಬರುವ ಸುದ್ದಿಯನ್ನು ಪರೀಕ್ಷೆ ಮಾಡುವುದು ಹೇಗೆ ಅಂತ ಜನರಿಗೆ ಹೇಳಿಕೊಡುವುದು ನನ್ನ ಕೆಲಸ. ಒಂದು ಸಲ, ಸ್ಥಳೀಯ ಚುನಾವಣೆ ಹತ್ತಿರ ಇದ್ದಾಗ, ನಮ್ಮ ಮನೆ ಗ್ರೂಪಿನಲ್ಲಿ ಅಪ್ಪ ಒಂದು ಫೋಟೋ ಹಾಕಿದರು. ರಸ್ತೆ ಮಧ್ಯೆ ಪೈಪ್ ಒಡೆದು ನೀರು ಚಿಮ್ಮುತ್ತಿದೆ. ಕೆಳಗೆ 'ನಮ್ಮ ವಾರ್ಡಿನ ಗತಿ ನೋಡಿ' ಅಂತ ಬರಹ. ನನಗೆ ನೋಡಿದ ಕೂಡಲೇ ಅನುಮಾನ ಬಂತು. ಫೋಟೋ ಎಲ್ಲಿಂದ ಬಂದಿದೆ ಅಂತ ಗೂಗಲ್‌ನಲ್ಲಿ ಹುಡುಕಿದೆ. ಎರಡು ನಿಮಿಷ ಹಿಡಿಯಲಿಲ್ಲ. ಬೇರೆ ದೇಶದ್ದು, ವರ್ಷಗಳ ಹಿಂದಿನದು. ಅದನ್ನು ಎಲ್ಲರಿಗೂ ಕಾಣುವ ಹಾಗೆ ಗ್ರೂಪಿನಲ್ಲೇ ಹಾಕಿದೆ. ಸಾಲದ್ದಕ್ಕೆ ಕೊನೆಗೆ ನಗುವ ಎಮೋಜಿ ಬೇರೆ.

ಅಪ್ಪ ಏನೂ ಹೇಳಲಿಲ್ಲ. ಎರಡು ತಿಂಗಳು ಗ್ರೂಪಿನಲ್ಲಿ ಒಂದಕ್ಷರ ಬರೆಯಲಿಲ್ಲ. ಅವರಿಗೆ ಪಾಠ ಆಯಿತು ಅಂತ ನಾನು ಒಳಗೊಳಗೇ ಬೀಗಿದ್ದೆ. ಆಮೇಲೆ ಒಂದು ದಿನ ಅಮ್ಮ ಫೋನಿನಲ್ಲಿ ಮಾತಾಡುತ್ತಾ, ಅವರ ರಸ್ತೆಯ ಪೈಪ್ ಕೊನೆಗೂ ರಿಪೇರಿ ಆಯಿತು ಅಂದರು. ಯಾವ ಪೈಪ್ ಅಂತ ಕೇಳಿದೆ. ಅಪ್ಪ ಫೋಟೋ ಹಾಕುವ ಹೊತ್ತಿಗೇ ಮೂರು ವಾರದಿಂದ ಮನೆ ಮುಂದೆ ನೀರು ಹರಿಯುತ್ತಿತ್ತಂತೆ. ಅಪ್ಪ ಎರಡು ಸಲ ಹೋಗಿ ದೂರು ಕೊಟ್ಟು ಬಂದಿದ್ದರಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ಸಮಯಕ್ಕೆ ಆ ಫೋಟೋ ಯಾರೋ ಕಳಿಸಿದ್ದರು. ತಮ್ಮ ಮನೆ ಮುಂದಿನ ಪೈಪಿನ ಫೋಟೋ ತೆಗೆದು ಹಾಕಬಹುದು ಅಂತ ಅವರಿಗೆ ಹೊಳೆದೇ ಇರಲಿಲ್ಲ. ಫಾರ್ವರ್ಡ್ ಒತ್ತುವುದು ಸುಲಭ, ಒತ್ತಿದರು.

ಫೋಟೋ ಸುಳ್ಳು, ಪೈಪ್ ನಿಜ. ನಾನು ಫೋಟೋ ಹಿಂದೆ ಬಿದ್ದೆ. 'ಅಪ್ಪಾ, ನಮ್ಮ ರಸ್ತೆಯಲ್ಲಿ ಏನಾಗಿದೆ?' ಅಂತ ಕೇಳಲಿಲ್ಲ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ, ಬೇಡ. ರಾಜಕೀಯಕ್ಕೆ ನಿಷೇಧ ಹಾಕಬೇಡಿ, ಫಾರ್ವರ್ಡ್‌ಗೆ ಹಾಕಿ. ಅದರಲ್ಲೂ ಇದು ಸ್ಥಳೀಯ ಚುನಾವಣೆ. ನೀರು, ಚರಂಡಿ, ಬೀದಿ ದೀಪ, ಕಸ, ರಸ್ತೆ ಗುಂಡಿ. ಇವು ಎಲ್ಲಾ ನಿಮ್ಮ ಮನೆಯವರು ಕಾಲ್ನಡಿಗೆಯಲ್ಲಿ ಹೋಗಿ ನೋಡಿ ಬರಬಹುದಾದ ವಿಷಯಗಳು. ದೂರದ ರಾಜಧಾನಿಯಲ್ಲಿ ಯಾರು ಯಾರ ಜೊತೆ ಗುಟ್ಟಾಗಿ ಏನು ಮಾತಾಡಿದರು ಅಂತ ನಿಮ್ಮ ಅಪ್ಪನಿಗೂ ಗೊತ್ತಿಲ್ಲ, ಚಿಕ್ಕಪ್ಪನ ಮಗನಿಗೂ ಗೊತ್ತಿಲ್ಲ. ಅಲ್ಲಿ ಜಗಳ ಮುಗಿಯುವುದೇ ಇಲ್ಲ. ಬೀದಿ ದೀಪ ಉರಿಯುತ್ತಿದೆಯೋ ಇಲ್ಲವೋ ಅನ್ನುವ ಜಗಳ ಕತ್ತಲಾಗುವವರೆಗೆ ಮಾತ್ರ.

ಇದು ನನ್ನೊಬ್ಬನ ಅನಿಸಿಕೆ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾಮ್ ಸ್ಪ್ರಿಂಗ್ಸ್ ಅನ್ನುವ ಊರಿದೆ. ಅಲ್ಲಿನ 'ದ ಡೆಸರ್ಟ್ ಸನ್' ದಿನಪತ್ರಿಕೆ 2019ರ ಜುಲೈನಲ್ಲಿ ಒಂದು ವಿಚಿತ್ರ ಕೆಲಸ ಮಾಡಿತು. ಒಂದು ತಿಂಗಳು ಅಭಿಪ್ರಾಯ ಪುಟದಲ್ಲಿ ರಾಷ್ಟ್ರ ರಾಜಕೀಯ ಇಲ್ಲ ಅಂದಿತು. ಆ ಜಾಗಕ್ಕೆ ಊರಿನ ಹಳೆಯ ಕಟ್ಟಡಗಳು, ಟ್ರಾಫಿಕ್, ಪರಿಸರ ಇಂಥ ವಿಷಯಗಳು ಬಂದವು. ಸಂಶೋಧಕರು ಅದೇ ರಾಜ್ಯದ ಇನ್ನೊಂದು ಊರಿನ ಜನರ ಜೊತೆ ಇಲ್ಲಿನವರನ್ನು ಹೋಲಿಸಿ ನೋಡಿದರು. ಎದುರು ಪಕ್ಷದವರ ಮೇಲಿನ ಸಿಟ್ಟು ಅಲ್ಲಿ ಬೆಳೆದಷ್ಟು ವೇಗವಾಗಿ ಇಲ್ಲಿ ಬೆಳೆದಿರಲಿಲ್ಲ. ಪೂರ್ತಿ ಕರಗಿತು ಅಂತಲ್ಲ, ಬೆಳವಣಿಗೆ ನಿಧಾನವಾಯಿತು ಅಷ್ಟೇ. ಜನ ಆ ತಿಂಗಳೂ ವಾದ ಮಾಡಿದರು. ಊರಿನ ವಿಷಯಕ್ಕೆ ಮಾಡಿದರು.

ಈಗ ಸ್ವಲ್ಪ ಆ್ಯಪ್ ಕಡೆ ನೋಡೋಣ. ಜಗಳದಲ್ಲಿ ಅರ್ಧ ಪಾಲು ಅದರದ್ದೂ ಇದೆ.

ವಾಟ್ಸಾಪ್ ಗ್ರೂಪಿನ ಮಿತಿ 2016ರಲ್ಲಿ 256 ಜನ ಇತ್ತು. 2022ರಲ್ಲಿ ಅದು 1,024ಕ್ಕೆ ಏರಿತು. ಅಂದರೆ ನಿಮ್ಮ 34 ಜನರ ಮನೆಯೂ, ಒಂದು ಪಕ್ಷದ ಸಾವಿರ ಜನರ ಪ್ರಚಾರವೂ ಒಂದೇ ಥರದ ಪೆಟ್ಟಿಗೆಯೊಳಗೆ ನಡೆಯುತ್ತವೆ. ಅಲ್ಲಿಂದ ಇಲ್ಲಿಗೆ ದಾಟಲು ಎರಡು ಸಲ ಬೆರಳು ತಾಗಿಸಿದರೆ ಸಾಕು. ತಂಗಿಯ ಮಗುವಿನ ಫೋಟೋ, ಅದರ ಕೆಳಗೆ ಯುದ್ಧದ ಸುದ್ದಿ, ಅದರ ಕೆಳಗೆ ವಾರ್ಡ್ ಅಭ್ಯರ್ಥಿಯ ಮೇಲೆ ಆರೋಪ. ಎಲ್ಲದಕ್ಕೂ ಅದೇ ಅಕ್ಷರ, ಅದೇ ಬಣ್ಣ, ಮೇಲೆ ನಮ್ಮವರದ್ದೇ ಹೆಸರು. ಮನೆಯವರ ಹೆಸರಿನಲ್ಲಿ ಬಂದಿದ್ದನ್ನು ನಂಬುವುದು ತಪ್ಪು ಅಂತ ನಾನು ಹೇಳಲಾರೆ. ಮನುಷ್ಯರು ಇಷ್ಟು ಕಾಲ ಬದುಕಿದ್ದೇ ಹಾಗೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. 2016ರಿಂದ ವಾಟ್ಸಾಪ್ ಸಂದೇಶಗಳು ಕಳಿಸಿದವರ ಫೋನಿನಿಂದ ಪಡೆದವರ ಫೋನಿನವರೆಗೆ ಬೀಗ ಹಾಕಿಕೊಂಡೇ ಹೋಗುತ್ತವೆ. ಕಂಪನಿಗೂ ಓದಲು ಆಗುವುದಿಲ್ಲ. ನಮ್ಮ ಖಾಸಗಿತನಕ್ಕೆ ಇದು ಒಳ್ಳೆಯದೇ, ನಾನಂತೂ ಇದರ ಪರ. ಆದರೆ ಮಧ್ಯದಲ್ಲಿ ಯಾರೂ ಓದುವುದಿಲ್ಲ ಅಂದಮೇಲೆ ಮಧ್ಯದಲ್ಲಿ ಯಾರೂ ಪರೀಕ್ಷೆಯನ್ನೂ ಮಾಡುವುದಿಲ್ಲ. ಆ ಕೆಲಸ ನಮ್ಮ ಮೇಲೆ ಬಿತ್ತು.

ಕಂಪನಿ ಕೈಕಟ್ಟಿ ಕೂತಿಲ್ಲ, ಅದೂ ನಿಜ. 2019ರ ಜನವರಿಯಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ಜಗತ್ತಿಗೆಲ್ಲ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ ಇನ್ನೂ ಬಿಗಿ ಮಾಡಿತು. ಐದು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಅದಾದ ಕೆಲವೇ ವಾರಗಳಲ್ಲಿ ಅಂಥ ಸಂದೇಶಗಳ ಓಡಾಟ 70 ಶೇಕಡಾ ಇಳಿಯಿತು ಅಂತ ಕಂಪನಿಯೇ ಹೇಳಿಕೊಂಡಿತು. ಯೋಚನೆ ಮಾಡಿ. ಯಾರಿಗೂ ಬುದ್ಧಿ ಹೇಳಲಿಲ್ಲ, ಯಾವ ಸುದ್ದಿಯನ್ನೂ ಅಳಿಸಲಿಲ್ಲ. ಬೆರಳಿಗೆ ಸ್ವಲ್ಪ ಜಾಸ್ತಿ ಕೆಲಸ ಕೊಟ್ಟರು, ಅಷ್ಟೇ.

ಅಂಥ ಸಂದೇಶದ ಮೇಲೆ ಜೋಡಿ ಬಾಣದ ಗುರುತು ಇರುತ್ತದೆ. ಇವತ್ತು ರಾತ್ರಿ ಗ್ರೂಪಿನಲ್ಲಿ ಹಿಂದಕ್ಕೆ ಹೋಗಿ ಎಷ್ಟು ಜೋಡಿ ಬಾಣ ಇದೆ ಅಂತ ಎಣಿಸಿ. ಗ್ರೂಪಿನಲ್ಲಿ ಇರುವವರು ನಿಮ್ಮ ಮನೆಯವರು, ಆದರೆ ಮಾತು ಎಷ್ಟು ಪಾಲು ಹೊರಗಿನವರದ್ದು ಅಂತ ಅಲ್ಲೇ ಗೊತ್ತಾಗುತ್ತದೆ. ಒಂದು ಎಚ್ಚರ ಇರಲಿ. ಬಾಣ ಇಲ್ಲದ್ದೆಲ್ಲ ಸ್ವಂತದ್ದು ಅಂತ ತಿಳಿಯಬೇಡಿ. ಬರಹವನ್ನು ಕಾಪಿ ಮಾಡಿ ಅಂಟಿಸಿದರೆ, ಅಥವಾ ಸ್ಕ್ರೀನ್‌ಶಾಟ್ ತೆಗೆದು ಹಾಕಿದರೆ ಗುರುತು ಹೊರಟುಹೋಗುತ್ತದೆ. ಪ್ರಚಾರ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು.

ಈಗ ನಿಮ್ಮ ಅಪ್ಪ. 'ವಯಸ್ಸಾದವರೇ ಹೀಗೆ' ಅನ್ನುವ ಮಾತು ನೀವು ಬರೆದಿಲ್ಲ, ಆದರೆ ಚಿಕ್ಕಪ್ಪನ ಮಗನ ತಲೆಯಲ್ಲಿ ಇದ್ದಿರಬಹುದು. ಆ ಮಾತಿಗೆ ಒಂದು ಆಧಾರವೂ ಇದೆ. 2016ರ ಅಮೆರಿಕ ಅಧ್ಯಕ್ಷ ಚುನಾವಣೆ ಸಮಯದಲ್ಲಿ ಫೇಸ್‌ಬುಕ್‌ನಲ್ಲಿ ಯಾರು ಏನು ಹಂಚಿಕೊಂಡರು ಅಂತ ಒಂದು ಅಧ್ಯಯನ ನಡೆದಿತ್ತು, 2019ರಲ್ಲಿ ಪ್ರಕಟವಾಯಿತು. ಸುಳ್ಳು ಸುದ್ದಿ ತಾಣಗಳ ಲೇಖನಗಳನ್ನು 65 ದಾಟಿದವರು ಅತಿ ಕಿರಿಯರಿಗಿಂತ ಸುಮಾರು ಏಳು ಪಟ್ಟು ಜಾಸ್ತಿ ಹಂಚಿದ್ದರು. ಎಲ್ಲರೂ ಈ ಏಳು ಪಟ್ಟನ್ನು ಮಾತ್ರ ಹೇಳುತ್ತಾರೆ. ಅದೇ ಅಧ್ಯಯನದಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನ ಅಂಥ ಒಂದು ಲೇಖನವನ್ನೂ ಹಂಚಿರಲಿಲ್ಲ. ಹಾಗಾಗಿ ವಯಸ್ಸಿನ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುವುದು ಬೇಡ.

ಇನ್ನು, ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಅನಿಸತೊಡಗುತ್ತದೆ. ಇದು ಫೋನಿಗಿಂತ ಹಳೆಯ ಕಾಯಿಲೆ. 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಎರಡೆರಡು ವಾರ ಬಿಟ್ಟು ಮೂರು ಸಲ ಒಂದಷ್ಟು ಹೇಳಿಕೆಗಳನ್ನು ಕೇಳಿಸಿದರು. ಮರುಕಳಿಸಿದ ಹೇಳಿಕೆಗಳು ಪ್ರತಿ ಸಲವೂ ಇನ್ನಷ್ಟು ನಿಜ ಅನಿಸಿದವು. ಹೇಳಿಕೆ ಸರಿಯೋ ತಪ್ಪೋ, ಫಲಿತಾಂಶ ಅದೇ. ಕೇಳಿಸಿಕೊಂಡವರು ಯುವಕರು, ಗಮನಿಸಿ. ನಿಮ್ಮ ಅಪ್ಪ ಐದು ಗ್ರೂಪಿನಲ್ಲಿದ್ದರೆ ಒಂದೇ ಸುದ್ದಿಯನ್ನು ಒಂದು ಬೆಳಿಗ್ಗೆಯೊಳಗೆ ಐದು ಸಲ ನೋಡುತ್ತಾರೆ. ಆಮೇಲೆ 'ಎಲ್ಲರೂ ಹೇಳುತ್ತಿದ್ದಾರಲ್ಲ' ಅನ್ನುತ್ತಾರೆ. ಅವರ ಫೋನಿನ ಮಟ್ಟಿಗೆ ಎಲ್ಲರೂ ಹೇಳುತ್ತಲೇ ಇದ್ದಾರೆ!

ಹಾಗಾದರೆ ತಿದ್ದಲೇಬಾರದಾ? ತಿದ್ದಬೇಕು. ತಿದ್ದಿದರೆ ಜನ ಇನ್ನಷ್ಟು ಹಟ ಹಿಡಿಯುತ್ತಾರೆ ಅನ್ನುವ ಮಾತು 2010ರ ಒಂದು ಪ್ರಯೋಗದಿಂದ ಬಹಳ ಪ್ರಚಾರ ಪಡೆಯಿತು. ಆಮೇಲೆ ದೊಡ್ಡದಾಗಿ ನಡೆಸಿದ ಪ್ರಯೋಗಗಳಲ್ಲಿ ಹಾಗೆ ಆಗುವುದು ಬಹಳ ಅಪರೂಪ ಅಂತ ಕಂಡಿತು. ಸರಿಯಾದ ಮಾಹಿತಿ ಕೊಟ್ಟರೆ ಹೆಚ್ಚಿನವರು ಆ ಒಂದು ವಿಷಯದಲ್ಲಿ ಸ್ವಲ್ಪವಾದರೂ ತಿದ್ದಿಕೊಳ್ಳುತ್ತಾರೆ. ಆದರೆ ತಮ್ಮ ನಾಯಕನ ಮೇಲಿನ ಅಭಿಮಾನ ಮಾತ್ರ ಹೆಚ್ಚೇನೂ ಬದಲಾಗುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಮನೆಯಲ್ಲಿ ಎಷ್ಟೋ ನೆಮ್ಮದಿ. ಫೋಟೋ ತಪ್ಪು ಅಂತ ಅಪ್ಪ ಒಪ್ಪಬಹುದು. ವೋಟು ಹಾಕುವುದು ಅವರಿಗೇ, ಮೊದಲು ಅಂದುಕೊಂಡವರಿಗೇ. ಅದು ಅವರ ಹಕ್ಕು. ನಿಮ್ಮ ಗುರಿ ವೋಟು ಬದಲಿಸುವುದು ಆಗಿದ್ದರೆ, ಅದು ಅವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ.

ಎಲ್ಲಿ ತಿದ್ದಬೇಕು ಅನ್ನುವುದೇ ಮುಖ್ಯ. ಗ್ರೂಪಿನಲ್ಲಿ ಅಲ್ಲ. 33 ಜನ ನೋಡುತ್ತಿರುವಾಗ ಯಾರಿಗೂ ತಪ್ಪು ಒಪ್ಪಿಕೊಳ್ಳಲು ಆಗುವುದಿಲ್ಲ, ಅದರಲ್ಲೂ ತಾನು ಎತ್ತಿ ಆಡಿಸಿದ ಹುಡುಗ ತಿದ್ದಿದರೆ. ಅವರ ಪಕ್ಕ ಕೂತು, ಅಥವಾ ಫೋನ್ ಮಾಡಿ, ಒಂದೇ ಒಂದು ಪ್ರಶ್ನೆ ಕೇಳಿ. 'ಅಪ್ಪಾ, ಇದು ನಿಜ ಇರಬಹುದಾ? ನಿಮಗೆ ಏನನಿಸುತ್ತದೆ?' ವ್ಯಂಗ್ಯ ಬೇಡ, ನಿಜವಾಗಿ ಕೇಳಿ. 2021ರಲ್ಲಿ 'ನೇಚರ್' ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆ ಇದಕ್ಕೆ ಹತ್ತಿರದ್ದು. ಟ್ವಿಟರ್‌ನ 5,000ಕ್ಕೂ ಹೆಚ್ಚು ಬಳಕೆದಾರರಿಗೆ ಒಂದು ಸುದ್ದಿಯ ಶೀರ್ಷಿಕೆ ಕಳಿಸಿ, ಇದು ನಿಜ ಅನಿಸುತ್ತದಾ ಅಂತ ಕೇಳಿದರು. ರಾಜಕೀಯದ ಶೀರ್ಷಿಕೆಯೂ ಅಲ್ಲ, ಸುಮ್ನೆ ಯಾವುದೋ ಒಂದು. ಅದಾದಮೇಲೆ ಅವರು ಹಂಚಿಕೊಂಡ ಸುದ್ದಿಗಳ ಮೂಲ ಸ್ವಲ್ಪ ಸುಧಾರಿಸಿತು. ಜನ ಸುಳ್ಳು ಹರಡಬೇಕು ಅಂತ ಹರಡುವುದು ಕಡಿಮೆ. ಒತ್ತುವ ಹೊತ್ತಿಗೆ ನಿಜ ಸುಳ್ಳಿನ ಕಡೆ ಗಮನವೇ ಇರುವುದಿಲ್ಲ.

ನಮ್ಮ ಅಪ್ಪನ ಜೊತೆ ನಾನು ಆಮೇಲೆ ಮಾಡಿದ್ದೂ ಇಷ್ಟೇ. ಮೊದಲು ಕ್ಷಮೆ ಕೇಳಿದೆ. ಕೇಳಲು ಬಹಳ ಕಷ್ಟ ಆಯಿತು, ಅವರಿಗೂ ಕೇಳಿಸಿಕೊಳ್ಳಲು ಕಷ್ಟ ಆಯಿತು. ಅವರು ಮಾತು ಬದಲಿಸಿದರು. ಆಮೇಲೆ ಅವರ ಫೋನಿನಲ್ಲೇ ಫೋಟೋ ಹುಡುಕುವುದು ಹೇಗೆ ಅಂತ ತೋರಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಮಧ್ಯೆ ಎರಡು ಸಲ ಫೋನ್ ಕಿತ್ತುಕೊಂಡು ನಾನೇ ಮಾಡಿಬಿಡೋಣ ಅನಿಸಿತು, ತಡೆದುಕೊಂಡೆ. ಈಗ ಅವರು ಗ್ರೂಪಿಗೆ ಹಾಕುವ ಮೊದಲು ಕೆಲವನ್ನು ನನಗೆ ಕಳಿಸುತ್ತಾರೆ. ಎಲ್ಲವನ್ನೂ ಅಲ್ಲ. ನನಗೆ ಇಷ್ಟವಾಗದ ಪಕ್ಷದ ಫಾರ್ವರ್ಡ್‌ಗಳು ನೇರ ಗ್ರೂಪಿಗೇ ಹೋಗುತ್ತವೆ.

ಒಂದು ವಿಷಯದಲ್ಲಿ ಮಾತ್ರ ನಿಧಾನ ಬೇಡ. ಆಡಿಯೋ. ಮತದಾನಕ್ಕೆ ಎರಡು ಮೂರು ದಿನ ಇರುವಾಗ ಯಾವುದೇ ಅಭ್ಯರ್ಥಿಯ 'ಸೋರಿಕೆಯಾದ' ಧ್ವನಿ ಬಂದರೆ ಅದನ್ನು ಅಪ್ಪ, ನೀವು, ಚಿಕ್ಕಪ್ಪನ ಮಗ ಯಾರೂ ಮುಂದಕ್ಕೆ ಕಳಿಸಬಾರದು. ಫೋಟೋವನ್ನು ಹುಡುಕಿ ಮೂಲ ಕಂಡುಹಿಡಿಯಬಹುದು. ಧ್ವನಿಗೆ ಅಂಥ ಸುಲಭದ ದಾರಿ ಇಲ್ಲ. ಸ್ಲೊವಾಕಿಯಾದಲ್ಲಿ 2023ರ ಸೆಪ್ಟೆಂಬರ್ ಚುನಾವಣೆಗೆ ಎರಡು ದಿನ ಇದ್ದಾಗ, ಒಬ್ಬ ಪಕ್ಷದ ನಾಯಕ ಮತ್ತು ಒಬ್ಬ ಪತ್ರಕರ್ತೆ ಮತ ಖರೀದಿಯ ಬಗ್ಗೆ ಮಾತಾಡುವ ಆಡಿಯೋ ಹರಿದಾಡಿತು. ಇಬ್ಬರೂ ಅದು ನಕಲಿ ಅಂದರು. ಆದರೆ ಅದು ಪ್ರಚಾರ ನಿಲ್ಲಿಸಬೇಕಾದ ಮೌನದ ಅವಧಿ, ಪ್ರತಿ ಉತ್ತರ ಜನರಿಗೆ ಮುಟ್ಟಿಸುವುದು ಕಷ್ಟವಾಯಿತು. 2024ರ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಮತದಾರರಿಗೆ ಆಗಿನ ಅಧ್ಯಕ್ಷ ಜೋ ಬೈಡನ್ ಧ್ವನಿಯಲ್ಲಿ ಕರೆ ಬಂತು, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ವೋಟು ಹಾಕಬೇಡಿ ಅಂತ. ಕೃತಕ ಬುದ್ಧಿಮತ್ತೆಯಿಂದ ಮಾಡಿದ್ದು. ಮರು ತಿಂಗಳೇ ಅಮೆರಿಕದ ಕೇಂದ್ರ ಸಂವಹನ ಆಯೋಗ ಇಂಥ ನಕಲಿ ಧ್ವನಿಯ ಸ್ವಯಂಚಾಲಿತ ಕರೆಗಳು ಕಾನೂನುಬಾಹಿರ ಅಂದಿತು.

ಅಧ್ಯಕ್ಷರಿಗಾದರೆ ನಕಲಿ ಅಂತ ಹೇಳಲು ನೂರು ಪತ್ರಕರ್ತರು ಓಡಿ ಬರುತ್ತಾರೆ. ವಾರ್ಡ್ ಅಭ್ಯರ್ಥಿಗೆ ಯಾರು ಬರುತ್ತಾರೆ? ಅವರ ಭಾಷಣದ ಒಂದು ವಿಡಿಯೋ ಫೇಸ್‌ಬುಕ್‌ನಲ್ಲಿ ಇದ್ದರೆ ಸಾಕು, ಅಷ್ಟರಿಂದಲೇ ಧ್ವನಿ ತಯಾರಿಸಬಹುದು. ಇದರಲ್ಲಿ ಇನ್ನೊಂದು ತೊಡಕೂ ಇದೆ. ಇನ್ನು ಮೇಲೆ ನಿಜವಾಗಿ ಸಿಕ್ಕಿಬಿದ್ದವರೂ 'ಅದು ಕೃತಕ, ನನ್ನ ಧ್ವನಿ ಅಲ್ಲ' ಅನ್ನಬಹುದು. ಹಾಗಾಗಿ ಗ್ರೂಪಿನಲ್ಲಿ ಕೂತು ನಿಜವೋ ಸುಳ್ಳೋ ತೀರ್ಮಾನ ಮಾಡಲು ಹೋಗಬೇಡಿ. ಆಗುವುದಿಲ್ಲ. ಮತದಾನ ಮುಗಿಯುವವರೆಗೆ ತಡೆಯಿರಿ, ಅಷ್ಟೇ.

ಗ್ರೂಪಿನ ನಿಯಮಕ್ಕೆ ಬರೋಣ. ನಾನಾಗಿದ್ದರೆ ಇಷ್ಟು ಬರೆಯುತ್ತಿದ್ದೆ. 'ಇಲ್ಲಿ ನಮ್ಮ ಮಾತು, ನಾವೇ ತೆಗೆದ ಫೋಟೋ ಮಾತ್ರ. ಬೇರೆ ಕಡೆಯಿಂದ ಬಂದದ್ದು ಬೇಡ.' ಅಪ್ಪನಿಗೆ ಅಭ್ಯರ್ಥಿಯ ಮೇಲೆ ಸಿಟ್ಟಿದ್ದರೆ ಅವರೇ ಬರೆಯಲಿ. ಬೀದಿ ದೀಪ ಉರಿಯದಿದ್ದರೆ ಅವರೇ ಹೋಗಿ ಫೋಟೋ ತೆಗೆಯಲಿ. ಚಿಕ್ಕಪ್ಪನ ಮಗನೂ ಲಿಂಕ್ ಹಾಕುವ ಹಾಗಿಲ್ಲ, ಅದೂ ಬೇರೆ ಕಡೆಯದ್ದೇ. ಹೀಗಿದ್ದರೆ ಇದು ಅಪ್ಪನ ವಿರುದ್ಧದ ನಿಯಮ ಅನಿಸುವುದಿಲ್ಲ. ಮತ್ತೆ, ಇದನ್ನು ಹಾಕುವ ಮೊದಲು ಅಪ್ಪನಿಗೆ ತೋರಿಸಿ. ಅವರೇ ಹಾಕಿದರೆ ಇನ್ನೂ ಒಳ್ಳೆಯದು.

ಅಡ್ಮಿನ್ ಮಾತ್ರ ಬರೆಯಬಹುದು ಅನ್ನುವ ಸೆಟ್ಟಿಂಗ್ ಒಂದಿದೆ. ಬೇರೆಯವರ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಅಧಿಕಾರವೂ 2022ರಿಂದ ಅಡ್ಮಿನ್‌ಗೆ ಬಂದಿದೆ. ಎರಡನ್ನೂ ಮುಟ್ಟಬೇಡಿ. ಅಪ್ಪನ ಸಂದೇಶ ಇದ್ದ ಜಾಗದಲ್ಲಿ ಅಡ್ಮಿನ್ ಅಳಿಸಿದ್ದಾರೆ ಅನ್ನುವ ಸಾಲು ಉಳಿಯುತ್ತದೆ. ಆ ಸಾಲನ್ನು ಅವರು ಎಷ್ಟು ಸಲ ನೋಡುತ್ತಾರೆ ಯೋಚಿಸಿ.

ತೈವಾನ್‌ನಲ್ಲಿ 2015ರಲ್ಲಿ ಊಬರ್ ಟ್ಯಾಕ್ಸಿಗೆ ಎಂಥ ನಿಯಮ ಬೇಕು ಅಂತ ಜನರನ್ನು ಆನ್‌ಲೈನ್‌ನಲ್ಲಿ ಕೇಳಿದರು. ಅದಕ್ಕೆ ಬಳಸಿದ ಪೋಲಿಸ್ ಅನ್ನುವ ತಂತ್ರಾಂಶದಲ್ಲಿ (ನಮ್ಮ ಪೊಲೀಸ್ ಅಲ್ಲ, ಬೇರೆ) ಉತ್ತರ ಕೊಡುವ ಬಟನ್ನೇ ಇಲ್ಲ. ನಿಮ್ಮ ಅಭಿಪ್ರಾಯ ಬರೆಯಬಹುದು. ಬೇರೆಯವರದ್ದಕ್ಕೆ ಒಪ್ಪುತ್ತೇನೆ, ಒಪ್ಪುವುದಿಲ್ಲ ಅನ್ನಬಹುದು. ತಿರುಗಿ ಬೈಯಲು ದಾರಿ ಇಲ್ಲ. ಮನೆ ಗ್ರೂಪಿಗೆ ಅಂಥದ್ದು ಸಿಕ್ಕಿದ್ದರೆ ಅನಿಸುತ್ತದೆ ಒಂದೊಂದು ಸಲ.

ಕೊನೆಗೆ ಚಿಕ್ಕಪ್ಪ. 2022ರಿಂದ ಯಾರಾದರೂ ಗ್ರೂಪ್ ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಬರುತ್ತದೆ. ಹಾಗಾಗಿ ಅವರು ಹೋದದ್ದು ಕೆಲವರಿಗೆ ಇನ್ನೂ ಗೊತ್ತೇ ಇಲ್ಲದಿರಬಹುದು. ಇದು ನಿಮಗೆ ಅನುಕೂಲ, ಗ್ರೂಪಿನಲ್ಲಿ ಅದನ್ನು ಎತ್ತಲೇಬೇಡಿ. ಅವರಿಗೆ ಫೋನ್ ಮಾಡಿದಾಗ ಚುನಾವಣೆ ಮಾತು ತೆಗೆಯಬೇಡಿ. ಆರೋಗ್ಯ ಕೇಳಿ. ಅವರಾಗಿಯೇ ಅಪ್ಪನ ಮಾತು ಎತ್ತಿದರೆ ಕೇಳಿಸಿಕೊಳ್ಳಿ, ಅಪ್ಪನ ಪರ ವಕಾಲತ್ತು ಮಾಡಬೇಡಿ. ಅಣ್ಣ ಎಲ್ಲರ ಮುಂದೆ ಅಂದ ಮಾತು ಅದು, ಅವರಿಬ್ಬರೇ ಬಗೆಹರಿಸಿಕೊಳ್ಳಬೇಕು. ಮತ್ತೆ ಸೇರಿಸಲಾ ಅಂತ ಕೇಳಿ, ಕೇಳದೆ ಸೇರಿಸಬೇಡಿ. ಬೇಡ ಅಂದರೆ ಒತ್ತಾಯ ಬೇಡ. ಮಕ್ಕಳ ಫೋಟೋ ಬಂದಾಗ ಅವರಿಗೆ ಬೇರೆಯಾಗಿ ಕಳಿಸುತ್ತಿರಿ.

ಚಿಕ್ಕಪ್ಪನ ಮಗನಿಗೂ ಒಂದು ಮಾತು ಹೇಳಿಬಿಡಿ. ಅವನ ಲಿಂಕ್ ಸರಿಯಾಗಿಯೇ ಇತ್ತು. ದೊಡ್ಡಪ್ಪನಿಗೆ ಒಬ್ಬರಿಗೇ ಕಳಿಸಬಹುದಿತ್ತು. ಈಗಲೂ ಫೋನ್ ಮಾಡಬಹುದು, ಅವರ ಬೀದಿಯ ಸಮಾಚಾರ ಏನು ಅಂತ ಕೇಳಲು.